ವಾರ್ಡಿನ ಮೇಲ್ವಿಚಾರಣೆ ಮತ್ತು ತಪ್ಪು ಹೇಳಿಕೊಳ್ಳುವ ಧೈರ್ಯ

ಮೇಲ್ವಿಚಾರಕರು ದಾದಿಯರಿಗೆ ಕೊಡುವ ಮಾರ್ಗದರ್ಶನವನ್ನು ಎಷ್ಟು ತರಬೇತಿ ನಡೆಯಿತು ಎಂಬ ಲೆಕ್ಕದಿಂದ ಅಳೆಯುವ ರೂಢಿಯಿದೆ. ದಾದಿಯ ಪಾಲಿಗೆ ಅದರ ನಿಜವಾದ ಪರೀಕ್ಷೆ ನಡೆಯುವುದು ತಪ್ಪಾದಾಗ. ರಾತ್ರಿ ಎರಡು ಗಂಟೆಗೆ ಕೊಡಬೇಕಿದ್ದ ಇಂಜೆಕ್ಷನ್ ಬಿಟ್ಟುಹೋಗಿದೆ ಎಂದು ಬೆಳಗಿನ ಹ್ಯಾಂಡೋವರ್‌ನಲ್ಲಿ ಹೇಳಿದವಳಿಗೆ ಇನ್‌ಚಾರ್ಜ್ ಸಿಸ್ಟರ್ ‘ಯಾರ ಡ್ಯೂಟಿ?’ ಎಂದು ಕೇಳಬಹುದು; ‘ರೋಗಿ ಹೇಗಿದ್ದಾರೆ, ಆ ಹೊತ್ತಿನಲ್ಲಿ ವಾರ್ಡಿನಲ್ಲಿ ಏನು ನಡೆದಿತ್ತು?’ ಎಂದೂ ಕೇಳಬಹುದು. ಮುಂದಿನ ತಪ್ಪು ಬೆಳಕಿಗೆ ಬರುವುದೂ ಮುಚ್ಚಿಹೋಗುವುದೂ ಬಹುಮಟ್ಟಿಗೆ ಈ ಪ್ರಶ್ನೆಯ ಮೇಲೆ ನಿಂತಿದೆ.

ಅಮೆರಿಕದ ವಿದ್ವಾಂಸೆ ಏಮಿ ಎಡ್ಮಂಡ್ಸನ್ 1996ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಆಧಾರ ಒದಗಿಸುತ್ತದೆ. ಎರಡು ಬೋಧನಾ ಆಸ್ಪತ್ರೆಗಳ ಎಂಟು ವಿಭಾಗಗಳಲ್ಲಿ ಔಷಧಿ ನೀಡಿಕೆಯ ತಪ್ಪುಗಳನ್ನು ಪರಿಶೀಲಿಸಿದಾಗ, ದಾದಿಯರ ಮುಖ್ಯಸ್ಥೆಯ ಮಾರ್ಗದರ್ಶನ ಉತ್ತಮವೆಂದು ಸಿಬ್ಬಂದಿ ಹೇಳಿದ ವಿಭಾಗಗಳಲ್ಲೇ ಹೆಚ್ಚು ತಪ್ಪುಗಳು ಪತ್ತೆಯಾದವು. ಹಾಗಾದರೆ ಸಲಿಗೆಯ ಮುಖ್ಯಸ್ಥೆಯಿಂದ ಕೆಲಸವೇ ಸಡಿಲವಾಯಿತೆನ್ನಬಹುದಲ್ಲ? ಆಕ್ಷೇಪ ಸಹಜವಾದದ್ದು. ಆದರೆ ಈ ಫಲಿತಾಂಶ ಗೊತ್ತಿಲ್ಲದ ಇನ್ನೊಬ್ಬ ಸಂಶೋಧಕರು ವಿಭಾಗಗಳಿಗೆ ಹೋಗಿ ನೋಡಿದಾಗ ಕಂಡ ವ್ಯತ್ಯಾಸ ಬೇರೆ: ಕೆಲವು ಕಡೆ ತಪ್ಪಿನ ಮಾತು ಮುಕ್ತವಾಗಿ ನಡೆಯುತ್ತಿತ್ತು, ಕೆಲವು ಕಡೆ ದೂಷಣೆಯ ಭಯದಿಂದ ಬಾಯಿ ಮುಚ್ಚಿತ್ತು. ಲೆಕ್ಕಕ್ಕೆ ಸಿಕ್ಕಿದ್ದು ಪತ್ತೆಯಾದ ತಪ್ಪುಗಳು ಮಾತ್ರ, ಆದ ತಪ್ಪುಗಳೆಲ್ಲ ಅಲ್ಲ. ಎಂಟು ವಿಭಾಗಗಳಿಂದ ಕಾರ್ಯಕಾರಣ ಸಂಬಂಧ ಸಿದ್ಧವಾಗದು, ನಿಜ. ಆದರೂ ಕಡಿಮೆ ತಪ್ಪು ದಾಖಲಾದ ವಾರ್ಡೇ ಒಳ್ಳೆಯದೆಂಬ ನಂಬಿಕೆ ಇದರಿಂದ ಅಲುಗಾಡುತ್ತದೆ.

ಸಿಬ್ಬಂದಿಯ ಕೊರತೆಯೇ ಮೂಲವಾಗಿರುವಾಗ ಮಾರ್ಗದರ್ಶನದ ಮಾತೇಕೆ ಎಂಬುದು ಇನ್ನೊಂದು ವಾದ. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದಂತೆ ಬೋಧನಾ ಆಸ್ಪತ್ರೆಯಲ್ಲಿ ಮೂವರು ರೋಗಿಗಳಿಗೆ ಒಬ್ಬ ದಾದಿ ಇರಬೇಕು. ಅಷ್ಟು ಜನರಿಲ್ಲದ ವಾರ್ಡಿನಲ್ಲಿ ಡ್ಯೂಟಿ ಪಟ್ಟಿ, ಔಷಧಿ ಇಂಡೆಂಟ್, ದಾಖಲೆಗಳ ನಡುವೆ ಸಿಸ್ಟರ್‌ಗೆ ಉಸಿರಾಡಲೂ ಬಿಡುವಿರದು. ಈ ವಾದವನ್ನು ತಳ್ಳಿಹಾಕಲಾಗದು. ಆದರೆ ಜನ ಎಲ್ಲಿ ಸಾಲದು ಎಂಬುದನ್ನು ತೋರಿಸಿಕೊಡುವುದೂ ಅಂಥ ತಪ್ಪುಗಳ ವರದಿಯೇ. ವರದಿ ಬಾರದಿದ್ದರೆ ಕೊರತೆಯೂ ಕಡತದಲ್ಲಿ ಕಾಣದು. ನನಗೆ ಇದಕ್ಕಿಂತ ದೊಡ್ಡ ತೊಡಕಾಗಿ ಕಾಣುವುದು, ಕಲಿಸುವವರೇ ಕಾರ್ಯನಿರ್ವಹಣಾ ವರದಿಯನ್ನೂ ಬರೆಯುವುದು. ತನ್ನ ಬಡ್ತಿ ಯಾರ ಕೈಯಲ್ಲಿದೆಯೋ ಅವರೆದುರು ಗೊತ್ತಿಲ್ಲವೆಂದು ಒಪ್ಪಿಕೊಳ್ಳುವುದು ಹೊಸ ದಾದಿಗೆ ಸುಲಭವಲ್ಲ. ಆದ್ದರಿಂದ ತಾವಾಗಿ ಹೇಳಿಕೊಂಡ ತಪ್ಪುಗಳನ್ನು ಆಡಳಿತಗಳು ಆ ವರದಿಯಿಂದ ಹೊರಗಿಡಬೇಕು, ತಪ್ಪುಗಳ ಸಂಖ್ಯೆಯಿಂದ ವಾರ್ಡುಗಳಿಗೆ ಶ್ರೇಣಿ ಕೊಡುವುದನ್ನು ನಿಲ್ಲಿಸಬೇಕು.