ಸತ್ತವರಿಗೇ ಓದಿ ಹೇಳುವ ಪುಸ್ತಕ

ಮುಂಡಗೋಡದ ಟಿಬೆಟನ್ ಕ್ಯಾಂಪಿಗೆ ಹೋದವರು ಗೊಂಪಾಗಳ ಮುಂದೆ ಫೋಟೊ ತೆಗೆಸಿಕೊಂಡು, ಮೊಮೊ ತಿಂದು ವಾಪಸ್ ಬರ್ತಾರೆ. ಅಲ್ಲಿ ಯಾರಾದರೂ ತೀರಿಕೊಂಡರೆ ಏನು ಮಾಡ್ತಾರೆ ಅಂತ ಕೇಳಿದವರನ್ನು ನಾನು ಕಂಡದ್ದು ಕಡಿಮೆ.

1966ರಲ್ಲಿ ಶುರುವಾದ ಈ ನೆಲೆಗೆ ನಿರಾಶ್ರಿತರ ಜೊತೆ ಸಾವಿನ ಬಗೆಗಿನ ದೊಡ್ಡ ಸಾಹಿತ್ಯವೂ ಬಂತು. ಅದರಲ್ಲಿ ಲೋಕಪ್ರಸಿದ್ಧವಾದದ್ದು ‘ಬಾರ್ದೋ ಥೋದೋಲ್’. ಪದ್ಮಸಂಭವ ರಚಿಸಿ ಬಚ್ಚಿಟ್ಟಿದ್ದನ್ನು 14ನೇ ಶತಮಾನದಲ್ಲಿ ಕರ್ಮ ಲಿಂಗ್ಪ ಹೊರತೆಗೆದ ಅನ್ನೋದು ನಂಬಿಕೆ. ‘ಟಿಬೆಟನ್ನರ ಮೃತರ ಪುಸ್ತಕ’ ಎಂಬ ಹೆಸರು ಮಾತ್ರ ಟಿಬೆಟ್ಟಿನದ್ದಲ್ಲ. 1842ರಲ್ಲಿ ಜರ್ಮನಿಯ ಲೆಪ್ಸಿಯಸ್ ಈಜಿಪ್ಟಿನ ಸಮಾಧಿ ಮಂತ್ರಗಳಿಗೆ ‘ಮೃತರ ಪುಸ್ತಕ’ ಎಂದು ಕರೆದಿದ್ದ. 1927ರಲ್ಲಿ ಇವಾನ್ಸ್-ವೆಂಟ್ಸ್, ಕಾಜಿ ದಾವಾ ಸಮ್‌ದುಪ್ ಅವರ ಇಂಗ್ಲಿಷ್ ಅನುವಾದವನ್ನು ಸಂಪಾದಿಸಿ ಹೊರತಂದಾಗ ಅದೇ ಹಣೆಪಟ್ಟಿಯನ್ನು ಇದಕ್ಕೂ ಅಂಟಿಸಿದ. ಮೂಲ ಹೆಸರಿನ ಅರ್ಥ ‘ನಡುವಿನ ಸ್ಥಿತಿಯಲ್ಲಿ ಕೇಳಿಸಿಕೊಂಡು ಬಿಡುಗಡೆ’.

ಹೆಸರು ತಪ್ಪಿದರೆ ತಿಳಿವಳಿಕೆಯೂ ತಪ್ಪುತ್ತದೆ. ಈಜಿಪ್ಟಿನಲ್ಲಿ ಸುರುಳಿಯನ್ನು ಶವದ ಜೊತೆಗಿಡ್ತಿದ್ದರು. ಪರಲೋಕದ ಬಾಗಿಲುಗಳನ್ನು ದಾಟುವ ಮಂತ್ರವನ್ನು ಸತ್ತವನೇ ಹೇಳಬೇಕಿತ್ತು. ನಮ್ಮ ಸೂತಕದ ಮನೆಗಳಲ್ಲಿ ಗರುಡ ಪುರಾಣವನ್ನು ಉಳಿದವರು ಕೂತು ಕೇಳ್ತಾರೆ. ಬಾರ್ದೋ ಥೋದೋಲ್ ಸತ್ತವರನ್ನೇ ಕರೆದು ಮಾತಾಡುತ್ತದೆ. ಸಾವಿನಿಂದ ಮರುಹುಟ್ಟಿನವರೆಗೆ ಹೆಚ್ಚೆಂದರೆ 49 ದಿನ. ಮೊದಲು ಶುದ್ಧ ಬೆಳಕು, ಆಮೇಲೆ 42 ಶಾಂತ ದೇವತೆಗಳು, ಎಂಟನೇ ದಿನದಿಂದ 58 ಉಗ್ರ ದೇವತೆಗಳು. ಇವೆಲ್ಲ ತನ್ನ ಮನಸ್ಸಿನ ರೂಪಗಳೇ ಅಂತ ಗುರುತಿಸಿದರೆ ಬಿಡುಗಡೆ, ಹೆದರಿ ಓಡಿದರೆ ಮತ್ತೆ ಹುಟ್ಟು. ಓದುವವರು ಅದನ್ನೇ ಮತ್ತೆ ಮತ್ತೆ ನೆನಪಿಸ್ತಾರೆ.

ಒಂದು ಎಚ್ಚರಿಕೆ: ಇದು ಮುಖ್ಯವಾಗಿ ನಿಂಗ್ಮಾ ಪಂಥದ ಗ್ರಂಥ. ಮುಂಡಗೋಡದ ದೊಡ್ಡ ಮಠಗಳಾದ ಗಾದೆನ್, ದ್ರೇಪುಂಗ್ ಎರಡೂ ಗೆಲುಗ್ ಪಂಥದವು. ಅವರಿಗೆ ಅವರದೇ ಪಾಠಗಳಿವೆ. ಏಳು ದಿನಕ್ಕೊಮ್ಮೆ ಪ್ರಾರ್ಥನೆ, 49ನೇ ದಿನಕ್ಕೆ ಮುಗಿತಾಯ ಎಂಬ ಲೆಕ್ಕ ಮಾತ್ರ ಇಬ್ಬರಿಗೂ ಸಮಾನ.

ದೇಹದ ವಿಷಯದಲ್ಲಿ ಇಷ್ಟು ಬಿಗಿ ಇಲ್ಲ. ಟಿಬೆಟ್ಟಿನ ಎತ್ತರದಲ್ಲಿ ಕಟ್ಟಿಗೆ ದುರ್ಲಭ, ನೆಲ ಹೆಪ್ಪುಗಟ್ಟಿರುತ್ತದೆ. ಹಾಗಾಗಿ ಶವವನ್ನು ರಣಹದ್ದುಗಳಿಗೆ ಕೊಡುವ ಪದ್ಧತಿ ಬೆಳೆಯಿತು. ಪ್ರಾಣ ಹೋದ ಮೇಲೆ ದೇಹ ಖಾಲಿ ಪಾತ್ರೆ, ಅದು ಹಸಿದ ಜೀವಕ್ಕೆ ಕೊನೆಯ ದಾನ. ಇಲ್ಲಿ ಸುಡುತ್ತಾರೆ. ಶವಸಂಸ್ಕಾರ ಬದಲಾಯಿತು, 49 ದಿನ ಬದಲಾಗಲಿಲ್ಲ.

ಆದರೆ ಕ್ಯಾಂಪಿನ ಯುವಕರು ಯುರೋಪ್, ಅಮೆರಿಕ ಅಂತ ಹೊರಟಿದ್ದಾರೆ. ಚಿತೆಗೆ ಕಟ್ಟಿಗೆ ಸಾಕು. ಪಾಠಕ್ಕೆ ಆ ಲಿಪಿಯನ್ನು ಸರಾಗವಾಗಿ ಓದುವ ಒಬ್ಬರು ಬೇಕು. ಮಠಗಳಲ್ಲಿ ಅಂಥವರಿಗೆ ಸದ್ಯಕ್ಕೆ ಬರವಿಲ್ಲ. ಮನೆಗಳ ಬಗ್ಗೆ ನನಗೆ ಅಷ್ಟು ಧೈರ್ಯವಿಲ್ಲ.