ಎಳೆಯುವ ಹಗ್ಗ, ನಿಲ್ಲುವ ಜಾಗ

ಕಳೆದ ಮಳೆಗಾಲದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಶಿರ್ತಾಡಿಯ ನಮ್ಮ ಮನೆಗೆ ಬಂದಿದ್ದ. ಕೆಟ್ಟು ನಿಂತ, ಚರಂಡಿಗೆ ಇಳಿದ ವಾಹನಗಳನ್ನು ಎಳೆದೊಯ್ಯುವುದು ಈಗ ಅವನ ಉದ್ಯೋಗ. ಅಂಗಳದಲ್ಲಿ ನಿಲ್ಲಿಸಿದ್ದ ಅವನ ಗಾಡಿಯಲ್ಲಿ ಉರುಳೆಗೆ ಸುತ್ತಿದ ಉಕ್ಕಿನ ಹಗ್ಗ, ಕೊಕ್ಕೆ, ರಾಟೆ, ಬಣ್ಣಬಣ್ಣದ ಪಟ್ಟಿಗಳು ಅಚ್ಚುಕಟ್ಟಾಗಿ ಇದ್ದವು. "ಸರ್, ರಾಟೆಯ ಪಾಠ ಮಾಡಿದವರು ನೀವೇ. ಈಗ ಅದೇ ನನ್ನ ಅನ್ನ" ಎಂದು ನಕ್ಕ. ನಾನೂ ನಕ್ಕೆ. ಆದರೆ ಕಾಫಿಯ ಲೋಟ ಹಿಡಿಯಲು ಮುಂದೆ ಬಂದ ಅವನ ಎಡಗೈಯನ್ನು ನೋಡಿ ನನ್ನ ನಗು ನಿಂತಿತು. ಆ ಕೈ ಮೊಣಕೈಯ ಬಳಿ ಇಂದಿಗೂ ಪೂರ್ತಿ ಚಾಚುವುದಿಲ್ಲ. ಅದಕ್ಕೆ ನಾನೂ ಒಂದು ಕಾರಣ. ಆ ಸಂಗತಿಯನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು, ಭಾರವನ್ನು ಎಳೆಯುವ ವಿದ್ಯೆಯ ಚರಿತ್ರೆಯನ್ನು ಸ್ವಲ್ಪ ನೋಡೋಣ. ಆ ಚರಿತ್ರೆಯ ಒಂದು ದೊಡ್ಡ ಅಧ್ಯಾಯ ನಮ್ಮ ಊರಿನ ಸುತ್ತಮುತ್ತಲೇ ನಡೆದಿದೆ.

ಕಾರ್ಕಳದ ಬೆಟ್ಟದ ಮೇಲಿನ ಗೊಮ್ಮಟಮೂರ್ತಿಯನ್ನು ನೀವೆಲ್ಲರೂ ನೋಡಿದ್ದೀರಿ. ಭೈರವ ಅರಸು ವೀರಪಾಂಡ್ಯನು 1432ರ ಫೆಬ್ರವರಿ 13ರಂದು ಪ್ರತಿಷ್ಠಾಪಿಸಿದ ಈ ಮೂರ್ತಿ 40 ಅಡಿಗಿಂತಲೂ ಎತ್ತರವಾಗಿದೆ. ಶ್ರವಣಬೆಳಗೊಳದ ಮೂರ್ತಿಯನ್ನು ಬೆಟ್ಟದ ನೆತ್ತಿಯ ಬಂಡೆಯಲ್ಲೇ ಕಡೆದರು. ಅದನ್ನು ಎಲ್ಲಿಗೂ ಸಾಗಿಸಬೇಕಾಗಿರಲಿಲ್ಲ. ಕಾರ್ಕಳದ ಮಾತು ಬೇರೆ. ಮೂರ್ತಿಯನ್ನು ಬೇರೆಡೆ ಕೆತ್ತಿ, ಗಾಲಿಗಳ ಬಂಡಿಗೆ ಏರಿಸಿ, ಜನರು ಬೆಟ್ಟದ ಮೇಲಕ್ಕೆ ಎಳೆದು ತಂದರೆಂಬ ಪರಂಪರೆ ಅಲ್ಲಿದೆ. 17ನೆಯ ಶತಮಾನದ ಕವಿ ಚಂದ್ರಮನು ಬರೆದ ಕಾರ್ಕಳದ ಗೊಮ್ಮಟೇಶ್ವರ ಚರಿತೆಯ ವಸ್ತುವೂ ಇದೇ ಮೂರ್ತಿ. ನಮಗೆ ಇನ್ನೂ ಹತ್ತಿರದ ವೇಣೂರಿನಲ್ಲಿ ತಿಮ್ಮಣ್ಣ ಅಜಿಲನು 1604ರಲ್ಲಿ ಸುಮಾರು 35 ಅಡಿಯ ಮೂರ್ತಿಯನ್ನು ನಿಲ್ಲಿಸಿದನು. ಆ ಮೂರ್ತಿಯನ್ನು ಕಾರ್ಕಳದ ಅರಸನು ತನಗೆ ಕೊಡಬೇಕೆಂದು ಕೇಳಿದನೆಂದೂ, ಅಜಿಲನು ಅದನ್ನು ಫಲ್ಗುಣಿ ನದಿಯ ಮರಳಿನಲ್ಲಿ ಹೂತು ಕಾಪಾಡಿದನೆಂದೂ ಐತಿಹ್ಯ ಹೇಳುತ್ತದೆ. ಐತಿಹ್ಯ ಏನೇ ಇರಲಿ, ಇಂತಹ ಕಲ್ಲನ್ನು ಮಲಗಿಸಿ, ಎಳೆದು, ಮತ್ತೆ ಎಬ್ಬಿಸಿ ನಿಲ್ಲಿಸುವ ಕೈಗಳು ನಮ್ಮ ನಾಡಿನಲ್ಲಿ ಇದ್ದವು ಎಂಬುದಂತೂ ಖಂಡಿತ.

ಮೂರನೆಯ ಮೂರ್ತಿಯ ಪ್ರಯಾಣ ನಮ್ಮ ತಲೆಮಾರಿನ ಕಾಲದ್ದು. ಧರ್ಮಸ್ಥಳದ ಬಾಹುಬಲಿಯನ್ನು ಶಿಲ್ಪಿ ರೆಂಜಾಳ ಗೋಪಾಲ ಶೆಣೈ ಅವರು ಕಾರ್ಕಳದಲ್ಲಿ ಕೆತ್ತಿದರು. ಎತ್ತರ 39 ಅಡಿ, ತೂಕ ಸುಮಾರು 170 ಟನ್. 1973ರಲ್ಲಿ ಆ ಮೂರ್ತಿಯನ್ನು ಸಾಲು ಸಾಲು ಚಕ್ರಗಳ ಟ್ರಾಲಿಯ ಮೇಲೆ ಮಲಗಿಸಿ, ಶಕ್ತಿಶಾಲಿ ಎಳೆಯುವ ಯಂತ್ರಗಳಿಂದ ಧರ್ಮಸ್ಥಳಕ್ಕೆ ಸಾಗಿಸಿದರು. 1982ರಲ್ಲಿ ಪ್ರತಿಷ್ಠೆ ನಡೆಯಿತು. ಆಗ ನಾನು ಹೈಸ್ಕೂಲಿನ ಹುಡುಗ. ಮೂರ್ತಿ ಹೊರಟ ಸುದ್ದಿ ಊರೂರಿಗೆ ಹಬ್ಬಿ, ಎಲ್ಲರ ಬಾಯಲ್ಲೂ ಅದೇ ಮಾತು. "ಎಷ್ಟು ದೊಡ್ಡ ಎಂಜಿನ್ ಇರಬಹುದು?" ಎಂದು ನಾವು ಹುಡುಗರು ವಾದಿಸುತ್ತಿದ್ದೆವು.

ಮೇಷ್ಟ್ರಾದ ಮೇಲೆ ಕರಿಹಲಗೆಯ ಮೇಲೆ ಆ ಲೆಕ್ಕವನ್ನು ಹಲವು ಸಲ ಮಾಡಿಸಿದ್ದೇನೆ, ನಿಮಗೂ ನೆನಪಿರಬಹುದು. ಇಪ್ಪತ್ತು ಅಡಿ ಮುಂದೆ ಹೋದಾಗ ಒಂದು ಅಡಿ ಏರುವ ರಸ್ತೆಯಲ್ಲಿ 170 ಟನ್ ಭಾರವು ಸುಮಾರು ಎಂಟೂವರೆ ಟನ್ ಬಲದಿಂದ ಹಿಂದಕ್ಕೆ ಜಗ್ಗುತ್ತದೆ. ಚಕ್ರಗಳ ಘರ್ಷಣೆ ಇದರ ಮೇಲೆ ಬೇರೆ. ಏರಿನಲ್ಲಿ ಅಷ್ಟು ಬಲದಿಂದ ಎಳೆಯಬೇಕು ಎಂಬುದನ್ನು ಮಕ್ಕಳು ಬೇಗ ಗ್ರಹಿಸುತ್ತಿದ್ದರು. ಇಳಿಜಾರಿನಲ್ಲಿ ಅದೇ ಎಂಟೂವರೆ ಟನ್ ಮುಂದಕ್ಕೆ ನೂಕುತ್ತದೆ, ಆಗ ಎಳೆಯುವುದಕ್ಕಿಂತ ತಡೆಯುವುದೇ ದೊಡ್ಡ ಕೆಲಸ ಎಂಬುದನ್ನು ಗ್ರಹಿಸಲು ಸ್ವಲ್ಪ ಹೊತ್ತು ಬೇಕಾಗುತ್ತಿತ್ತು. ರಥೋತ್ಸವದಲ್ಲಿ ತೇರಿನ ಮಿಣಿ ಹಿಡಿಯಲು ನೂರಾರು ಜನ ಮುನ್ನುಗ್ಗುತ್ತಾರೆ; ಚಕ್ರದ ಬುಡದಲ್ಲಿ ಮರದ ಅಡೆ ಕೊಡುವವರು ನಾಲ್ಕೇ ಜನ. ತೇರು ಸುರಕ್ಷಿತವಾಗಿ ನಿಲ್ಲುವುದು ಆ ನಾಲ್ವರಿಂದ.

ಹಳಬರು ಇದನ್ನು ಚೆನ್ನಾಗಿ ಅರಿತಿದ್ದರು. ಈಜಿಪ್ಟಿನಲ್ಲಿ ಸುಮಾರು 3,900 ವರ್ಷಗಳ ಹಿಂದಿನ, ಜೆಹುತಿಹೊತೆಪ್ ಎಂಬ ಅಧಿಕಾರಿಯ ಸಮಾಧಿಯಲ್ಲಿ ಒಂದು ಪ್ರಸಿದ್ಧ ಚಿತ್ರವಿದೆ. ದೊಡ್ಡ ವಿಗ್ರಹವೊಂದನ್ನು ಮರದ ಜಾರುಬಂಡಿಯ ಮೇಲೆ ಕೂರಿಸಿ, ನಾಲ್ಕು ಸಾಲುಗಳಲ್ಲಿ ನಿಂತ ಜನರು ಹಗ್ಗ ಹಿಡಿದು ಎಳೆಯುತ್ತಿದ್ದಾರೆ. ಬಂಡಿಯ ಮುಂಭಾಗದಲ್ಲಿ ನಿಂತ ಒಬ್ಬನು ನೆಲಕ್ಕೆ ನೀರು ಹೊಯ್ಯುತ್ತಿದ್ದಾನೆ. ಅದು ಬರೀ ಶಾಸ್ತ್ರವೆಂದು ಅನೇಕರು ತಿಳಿದಿದ್ದರು. ಹದವಾಗಿ ಒದ್ದೆಯಾದ ಮರಳಿನ ಮೇಲೆ ಎಳೆಯಲು ಅರ್ಧದಷ್ಟು ಬಲ ಸಾಕೆಂದು ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2014ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಅದೇ ಚಿತ್ರದಲ್ಲಿ ವಿಗ್ರಹದ ಮೊಣಕಾಲ ಮೇಲೆ ನಿಂತ ಇನ್ನೊಬ್ಬನು ಚಪ್ಪಾಳೆ ತಟ್ಟಿ ತಾಳ ಕೊಡುತ್ತಿದ್ದಾನೆ. ನೂರಾರು ಜನ ಎಳೆದರೂ ಅಪ್ಪಣೆ ಒಬ್ಬನದೇ ಆಗಿರಬೇಕು ಎಂಬ ನಿಯಮ ಅಷ್ಟು ಹಳೆಯದು.

ಸಾವಿರಾರು ವರ್ಷ ನಾರಿನ ಹಗ್ಗವೇ ಎಳೆಯುವವನ ಆಸ್ತಿಯಾಗಿತ್ತು. ಬಳಿಕ ಆಳವಾದ ಗಣಿಗಳಿಗೆ ಕಬ್ಬಿಣದ ಸರಪಳಿ ಬಂದಿತು. ಸರಪಳಿಗೆ ಒಂದು ದುರ್ಗುಣವಿದೆ: ನೂರು ಕೊಂಡಿಗಳಲ್ಲಿ ಒಂದು ಕೆಟ್ಟರೆ ಇಡೀ ಸರಪಳಿಯೇ ಹೋದಂತೆ, ಅದೂ ಮುನ್ಸೂಚನೆ ಇಲ್ಲದೆ. ಜರ್ಮನಿಯ ಹಾರ್ಜ್ ಬೆಟ್ಟಗಳ ಗಣಿ ಅಧಿಕಾರಿ ವಿಲ್‌ಹೆಲ್ಮ್ ಆಲ್ಬರ್ಟ್ ಇದಕ್ಕೆ ಪರಿಹಾರ ಹುಡುಕಿದನು. 1834ರಲ್ಲಿ ನಾಲ್ಕು ನಾಲ್ಕು ಕಬ್ಬಿಣದ ತಂತಿಗಳನ್ನು ಒಂದು ಎಳೆಯಾಗಿ ಹೊಸೆದು, ಅಂತಹ ಮೂರು ಎಳೆಗಳನ್ನು ಸೇರಿಸಿ ಹಗ್ಗ ಮಾಡಿದನು. ಇದರಲ್ಲಿ ಒಂದು ತಂತಿ ತುಂಡಾದರೆ ಉಳಿದವು ಭಾರ ಹೊರುತ್ತವೆ. ತುಂಡಾದ ತಂತಿಯ ತುದಿ ಹೊರಗೆ ಚಾಚಿ ನಿಂತು, ನೋಡುವ ಕಣ್ಣಿಗೆ ಎಚ್ಚರಿಕೆ ಕೊಡುತ್ತದೆ. ಇಂದಿನ ಕ್ರೇನ್, ಲಿಫ್ಟ್, ವಿಂಚುಗಳ ಉಕ್ಕಿನ ಹಗ್ಗಗಳೆಲ್ಲ ಆ ಹಗ್ಗದ ಸಂತತಿ. ಬಲಕ್ಕಿಂತ ಹೆಚ್ಚಾಗಿ ಜೀವರಕ್ಷಣೆಯ ಚಿಂತೆಯಿಂದ ಹುಟ್ಟಿದ ವಸ್ತು ಅದು ಎಂಬುದನ್ನು ನಾವು ಮರೆತಿದ್ದೇವೆ.

ಮೋಟಾರು ಬಂದ ಮೇಲೆ ಎಳೆಯುವ ಕೆಲಸ ಬೀದಿಗೆ ಬಂದಿತು. ಅಮೆರಿಕದ ಚಾಟನೂಗಾ ಎಂಬ ಊರಿನಲ್ಲಿ ಗ್ಯಾರೇಜು ನಡೆಸುತ್ತಿದ್ದ ಅರ್ನೆಸ್ಟ್ ಹೋಮ್ಸ್, ಹಳ್ಳಕ್ಕೆ ಬಿದ್ದ ಪರಿಚಿತರ ಕಾರೊಂದನ್ನು ಹಗ್ಗ, ದಿಮ್ಮಿ ಮತ್ತು ಆಳುಗಳ ಬಲದಿಂದ ಮೇಲೆತ್ತಲು ಗಂಟೆಗಟ್ಟಲೆ ಒದ್ದಾಡಿದನು. ಆ ಅನುಭವದಿಂದ 1916ರಲ್ಲಿ ಹಳೆಯ ಕ್ಯಾಡಿಲಾಕ್ ಕಾರಿನ ಮೇಲೆ ಕಂಬ, ರಾಟೆ, ಸರಪಳಿ ಜೋಡಿಸಿ ಎಳೆಯುವ ಗಾಡಿಯನ್ನು ತಯಾರಿಸಿದನು. ಮೊದಲು ಅದು ವಾಲುತ್ತಿತ್ತು. ಎರಡೂ ಬದಿಗೆ ಊರುಗಾಲು ಕೊಟ್ಟ ಮೇಲೆ ಸ್ಥಿರವಾಯಿತು. ಇಂದು ನಮ್ಮ ಘಾಟಿಗಳಲ್ಲಿ ಕೆಲಸ ಮಾಡುವ ಎಳೆಯುವ ಗಾಡಿಗಳ ಮೂಲ ಅದೇ.

ಈಗ ನನ್ನ ಸಂಗತಿ. 1980ರ ದಶಕದ ಒಂದು ಮಳೆಗಾಲ. ನಾನು ಕೆಲಸಕ್ಕೆ ಸೇರಿ ಬಹಳ ವರ್ಷಗಳಾಗಿರಲಿಲ್ಲ. ಶಾಲೆಯ ಪಕ್ಕದ ಮಣ್ಣು ರಸ್ತೆಯಲ್ಲಿ ಕೆಂಪುಕಲ್ಲು ತುಂಬಿದ ಲಾರಿಯೊಂದು ಹೂತುಹೋಯಿತು. ಕಲ್ಲು ಇಳಿಸಿದ ಮೇಲೂ ಲಾರಿ ಅಲುಗಲಿಲ್ಲ. ಇನ್ನೊಂದು ಲಾರಿ ಬಂದು ಉಕ್ಕಿನ ಹಗ್ಗ ಬಿಗಿದರು. ಕೊಕ್ಕೆ ಸಿಕ್ಕಿಸಿದ್ದು ಹೂತ ಲಾರಿಯ ಬಂಪರಿಗೆ. ಪುಸ್ತಕದ ಪಾಠ ಕಣ್ಣೆದುರೇ ನಡೆಯುತ್ತಿದೆ ಎಂಬ ಹುರುಪಿನಲ್ಲಿ ನಾನು ಒಂಬತ್ತನೆಯ ತರಗತಿಯ ಮಕ್ಕಳನ್ನು ಕರೆದುಕೊಂಡು ಹೋಗಿ, ಹಗ್ಗದ ಪಕ್ಕದಲ್ಲೇ, ಒಂದು ಗೇರುಮರದ ಕೆಳಗೆ ಸಾಲಾಗಿ ನಿಲ್ಲಿಸಿದೆ. ಬಲ, ಘರ್ಷಣೆ ಎಂದು ವಿವರಿಸತೊಡಗಿದೆ.

ಲಾರಿಯ ವಯಸ್ಸಾದ ಡ್ರೈವರೊಬ್ಬರು ನನ್ನನ್ನು ನೋಡಿ, "ಮಾಷ್ಟ್ರೇ, ಮಕ್ಕಳನ್ನು ಆಚೆ ಕರ್ಕೊಂಡು ಹೋಗಿ ಮಾರಾಯ್ರೆ. ಹಗ್ಗ ತುಂಡಾದ್ರೆ ಅದಕ್ಕೆ ಕಣ್ಣಿಲ್ಲ" ಎಂದರು. ಅವರ ಮಾತಿನಂತೆ ಮಕ್ಕಳನ್ನು ಜಗಲಿಯ ಕಡೆಗೆ ಹೊರಡಿಸಿದೆ. ಆದರೆ ಎಲ್ಲರೂ ಬಂದರೋ ಎಂದು ಎಣಿಸಲಿಲ್ಲ. ಒಬ್ಬ ಹುಡುಗ ಮರದ ಬುಡದಲ್ಲಿ ಮರೆತ ಕೊಡೆಯನ್ನು ತರಲು ಹಿಂದಿರುಗಿದ್ದ. ಎರಡನೆಯ ಎಳೆತಕ್ಕೆ ಬಂಪರಿನ ಪಟ್ಟಿ ಹರಿದು, ಕೊಕ್ಕೆ ಹಗ್ಗದೊಡನೆ ಹಾರಿ ಬಂದಿತು. ಗೇರುಮರದ ಸಿಪ್ಪೆ ಒಂದು ಗೇಣು ಎದ್ದುಹೋಯಿತು. ಹುಡುಗನ ಎಡ ಮೊಣಕೈ ಮುರಿಯಿತು. ಕೊಕ್ಕೆ ಒಂದು ಅಡಿ ಈಚೆಗೆ ಬಂದಿದ್ದರೆ ನಾನು ಇದನ್ನು ಬರೆಯಲು ಶಕ್ತನಾಗಿರುತ್ತಿರಲಿಲ್ಲ. ಆ ರಾತ್ರಿ ಅವನ ತಂದೆಯ ಮುಂದೆ ತಲೆ ತಗ್ಗಿಸಿ ನಿಂತೆ. ಅವರು ಒಂದು ಮಾತೂ ಬಯ್ಯಲಿಲ್ಲ. ಅದು ಇನ್ನೂ ಹೆಚ್ಚು ನೋಯಿಸಿತು.

ಬಿ.ಎಡ್. ಮಾಡಿದ ನನಗೆ ಬಲದ ಸೂತ್ರ ಗೊತ್ತಿತ್ತು. ಬಿಗಿದ ಹಗ್ಗವು ಎಳೆದ ಬಿಲ್ಲಿನಂತೆ ಶಕ್ತಿಯನ್ನು ಒಳಗೆ ಅಡಗಿಸಿಕೊಂಡಿರುತ್ತದೆ ಎಂಬುದೂ ಗೊತ್ತಿತ್ತು. ಆದರೆ ಆ ಶಕ್ತಿ ಬಿಡುಗಡೆಯಾದಾಗ ಎತ್ತ ಹೋಗುತ್ತದೆ, ಅಲ್ಲಿ ಯಾರಿದ್ದಾರೆ ಎಂದು ಕೇಳಿಕೊಳ್ಳಲಿಲ್ಲ. ಡ್ರೈವರರಿಗೆ ಸೂತ್ರ ಗೊತ್ತಿರಲಿಲ್ಲ, ಪ್ರಶ್ನೆ ಗೊತ್ತಿತ್ತು. ಯಂತ್ರವೇ ಬೇಕೆಂದಿಲ್ಲ. 1997ರ ಅಕ್ಟೋಬರ್ 25ರಂದು ತೈವಾನಿನ ತೈಪೆಯಲ್ಲಿ 1,600 ಮಂದಿ ಸೇರಿ ಹಗ್ಗಜಗ್ಗಾಟ ಆಡಿದಾಗ, ಹಗ್ಗ ತುಂಡಾಗಿ ಇಬ್ಬರ ಎಡತೋಳುಗಳೇ ಕತ್ತರಿಸಿಹೋದವು. ವೈದ್ಯರು ಅವನ್ನು ಮರಳಿ ಜೋಡಿಸಬೇಕಾಯಿತು. ಅದು ಪತ್ರಿಕೆಯಲ್ಲಿ ಬಂದ ದಿನ ನಾನು ಪುನಃ ಆ ಗೇರುಮರವನ್ನು ನೆನೆದೆ.

ಮೊನ್ನೆ ಬಂದ ಶಿಷ್ಯನು ತನ್ನ ಸಲಕರಣೆಗಳನ್ನು ಒಂದೊಂದಾಗಿ ತೋರಿಸಿದಾಗ ನಾನು ವಿದ್ಯಾರ್ಥಿಯಾದೆ. ಪ್ರತಿಯೊಂದು ಶ್ಯಾಕಲ್, ಕೊಕ್ಕೆಯ ಮೇಲೂ ಅದು ಹೊರಬಹುದಾದ ಭಾರವನ್ನು ಅಚ್ಚೊತ್ತಿರುತ್ತಾರೆ. ಉಕ್ಕಿನ ಹಗ್ಗ ತುಂಡಾಗುವ ಭಾರದ ಐದನೆಯ ಒಂದು ಪಾಲನ್ನು ಮಾತ್ರ ಎತ್ತುವ ಕೆಲಸಕ್ಕೆ ಲೆಕ್ಕ ಹಿಡಿಯುವುದು ವಾಡಿಕೆ. ನೇಯ್ದ ಪಟ್ಟಿಗಳಿಗೆ ಬಣ್ಣದ ಗುರುತಿದೆ: ನೇರಳೆ ಒಂದು ಟನ್, ಹಸಿರು ಎರಡು, ಹಳದಿ ಮೂರು. ಅಕ್ಷರ ಬಾರದವನಿಗೂ ಬಣ್ಣ ತಿಳಿಯುತ್ತದೆ. ರಾಟೆಯೊಂದನ್ನು ಗಟ್ಟಿ ಮರಕ್ಕೆ ಕಟ್ಟಿ, ಹಗ್ಗವನ್ನು ಅದರ ಮೂಲಕ ತಿರುಗಿಸಿ ತಂದರೆ, ಎರಡು ಎಳೆಗಳ ಬಿಗಿತವೂ ಸೇರಿ ಆ ಮರದ ಮೇಲೆ ಬೀಳುತ್ತದೆ. ಆದ್ದರಿಂದ ಮರವನ್ನು ಆರಿಸುವಾಗಲೇ ಎಚ್ಚರ ಬೇಕು. ಬಂಪರಿಗೆ ಕೊಕ್ಕೆ ಹಾಕುವುದಿಲ್ಲ. ಚಾಸಿಗೆ ಸೇರಿದ, ಎಳೆಯುವುದಕ್ಕೆಂದೇ ಮಾಡಿದ ಬಳೆಗೆ ಮಾತ್ರ ಹಾಕುತ್ತಾನೆ. ಬಿಗಿಯುವ ಮುನ್ನ ಹಗ್ಗದ ನಡುವೆ ಒದ್ದೆ ಗೋಣಿಚೀಲವನ್ನೋ ದಪ್ಪ ಹೊದಿಕೆಯನ್ನೋ ಹಾಕುತ್ತಾನೆ. ಹಗ್ಗ ತುಂಡಾದರೆ ಆ ಭಾರವೇ ಅದನ್ನು ಬಹುಮಟ್ಟಿಗೆ ನೆಲಕ್ಕೆ ತಗ್ಗಿಸುತ್ತದೆ. ಕೈಗವಸಿಲ್ಲದೆ ತಂತಿ ಮುಟ್ಟುವುದಿಲ್ಲ. "ಇಷ್ಟೆಲ್ಲ ಮಾಡಿದ ಮೇಲೂ, ಸರ್, ಮೊದಲು ಜನರನ್ನು ಹಗ್ಗದ ಉದ್ದಕ್ಕಿಂತ ಹೆಚ್ಚು ದೂರ ಕಳುಹಿಸಿ, ತಲೆ ಎಣಿಸುತ್ತೇನೆ" ಎಂದ. ಎಣಿಸುವ ಮಾತು ಬಂದಾಗ ನಾನು ಮುಖ ತಿರುಗಿಸಿದೆ.

ಕಾನೂನೂ ಇದೆ. ಕಾರ್ಖಾನೆಗಳಲ್ಲಿ ಭಾರ ಎತ್ತುವ ಸರಪಳಿ, ಹಗ್ಗಗಳನ್ನು ವರ್ಷಕ್ಕೊಮ್ಮೆಯಾದರೂ ಅರ್ಹ ವ್ಯಕ್ತಿ ಪರೀಕ್ಷಿಸಬೇಕೆಂದು 1948ರ ಕಾರ್ಖಾನೆ ಕಾಯ್ದೆ ವಿಧಿಸಿತು. ಕೆಟ್ಟ ವಾಹನವನ್ನು ಎಳೆಯುವಾಗ ಎರಡರ ನಡುವೆ 5 ಮೀಟರಿಗಿಂತ ಹೆಚ್ಚು ಅಂತರ ಇರಬಾರದು, ಹಗ್ಗ ಇತರರಿಗೆ ಕಾಣುವಂತಿರಬೇಕು, ವೇಗ ಗಂಟೆಗೆ 24 ಕಿಲೋಮೀಟರ್ ಮೀರಬಾರದು ಎಂದು 1989ರ ರಸ್ತೆ ನಿಯಮಗಳು ಹೇಳಿದ್ದವು. 2017ರಲ್ಲಿ ಅವುಗಳ ಸ್ಥಾನಕ್ಕೆ ಹೊಸ ನಿಯಮಗಳು ಬಂದವು. ಆದರೆ ಮಳೆಯಲ್ಲಿ, ಕತ್ತಲೆಯಲ್ಲಿ, ಚಾರ್ಮಾಡಿಯ ತಿರುವಿನಲ್ಲಿ ವಾಹನ ನಿಂತಾಗ ನಿಯಮ ಓದಿ ಹೇಳುವವರು ಇರುವುದಿಲ್ಲ. ಅಲ್ಲಿ ಕಾಪಾಡುವುದು ಅಭ್ಯಾಸ ಒಂದೇ.

ಶಾಸನಗಳಲ್ಲಿ ವೀರಪಾಂಡ್ಯನ ಹೆಸರಿದೆ, ತಿಮ್ಮಣ್ಣ ಅಜಿಲನ ಹೆಸರಿದೆ. ಹಗ್ಗ ಹಿಡಿದವರ ಹೆಸರಿಲ್ಲ; ಆ ಕೆಲಸದಲ್ಲಿ ಕೈಕಾಲು ಕಳೆದುಕೊಂಡವರು ಇದ್ದರೆ ಅವರ ಹೆಸರೂ ಇಲ್ಲ. ಹೋಮ್ಸನ ಊರಾದ ಚಾಟನೂಗಾದಲ್ಲಿ ಎಳೆಯುವ ಗಾಡಿಗಳದೇ ಒಂದು ವಸ್ತುಸಂಗ್ರಹಾಲಯವಿದ್ದು, ಈ ವೃತ್ತಿಯಲ್ಲಿ ಪ್ರಾಣ ಬಿಟ್ಟವರ ಹೆಸರುಗಳನ್ನು ಅಲ್ಲಿನ ಗೋಡೆಯೊಂದರಲ್ಲಿ ಬರೆಸಿದ್ದಾರೆ. ಚರಿತ್ರೆಯನ್ನು ಬರೆಯುವ ರೀತಿಗಳಲ್ಲಿ ಅದೂ ಒಂದು, ನನ್ನ ಮಟ್ಟಿಗೆ ದೊಡ್ಡ ರೀತಿ.

ಈ ಬರಹ ಓದುವ ನನ್ನ ಶಿಷ್ಯರಲ್ಲಿ ಲಾರಿ, ಜೆಸಿಬಿ ನಡೆಸುವವರಿದ್ದೀರಿ. ತೋಟದ ಜೀಪನ್ನು ಹಗ್ಗ ಕಟ್ಟಿ ಎಳೆಯುವವರಂತೂ ಹಲವರಿದ್ದೀರಿ. ಪರೀಕ್ಷೆಗೆ ಬಾರದ ಈ ಪಾಠವನ್ನು ತಡವಾಗಿಯಾದರೂ ಮಾಡುತ್ತಿದ್ದೇನೆ. ಹಗ್ಗ ಬಿಗಿಯುವ ಮುನ್ನ ಕೊಕ್ಕೆಯನ್ನು ನೋಡಿ, ಆಮೇಲೆ ಸುತ್ತ ನಿಂತವರನ್ನು ನೋಡಿ. ಮಕ್ಕಳಿದ್ದರೆ ದೂರ ಕಳುಹಿಸಿ, ಕಳುಹಿಸಿದ ಮೇಲೆ ಎಣಿಸಿ. ಅಂದು ನನ್ನನ್ನು ಎಚ್ಚರಿಸಿದ ಆ ಡ್ರೈವರರ ಹೆಸರನ್ನು ನಾನು ಕೇಳಲೇ ಇಲ್ಲ. ಅವರ ಮಾತನ್ನಾದರೂ ಇಲ್ಲಿ ಬರೆದಿಡುತ್ತೇನೆ: ಹಗ್ಗಕ್ಕೆ ಕಣ್ಣಿಲ್ಲ. ನಮಗಿದೆ.