ಪಾದುಕೆ ತೊಟ್ಟ ಮುರುಗನ ಊರಿನಲ್ಲಿ

ಚೆನ್ನೈಯಲ್ಲಿ ನೆಲೆಸಿರುವ ಕನ್ನಡಿಗರಾದ ನಮಗೆ ವಡಪಳನಿ ಎಂದೊಡನೆ ಎರಡು ಸಂಗತಿಗಳು ನೆನಪಾಗುತ್ತವೆ: ಒಂದು ಚಲನಚಿತ್ರದ ಸ್ಟುಡಿಯೋಗಳು, ಇನ್ನೊಂದು ಮುರುಗನ ಗುಡಿ. ಊರಿನ ಹೆಸರಿನಲ್ಲಿಯೇ ನಮ್ಮ ನುಡಿಯ ನಂಟಿದೆ. ತಮಿಳಿನ ‘ವಡ’ ನಮ್ಮ ‘ಬಡಗ’. ವಡಪಳನಿ ಎಂದರೆ ಬಡಗಣ ಪಳನಿ. ಈ ಗುಡಿಯ ಮೂಲಮೂರ್ತಿಗೆ ಒಂದು ವಿಶೇಷವುಂಟು. ಇಲ್ಲಿಯ ಮುರುಗನ ಕಾಲುಗಳಲ್ಲಿ ಪಾದರಕ್ಷೆಗಳಿವೆ. ಚಪ್ಪಲಿಯನ್ನು ಹೊರಗೆ ಕಳಚಿಟ್ಟು ಬರಿಗಾಲಲ್ಲಿ ಒಳಹೊಕ್ಕ ಭಕ್ತನು ಪಾದರಕ್ಷೆ ತೊಟ್ಟ ದೇವರನ್ನು ಕಾಣುತ್ತಾನೆ. ಹಬ್ಬದ ದಿನಗಳಲ್ಲಿ ನಮ್ಮ ಕಾಲುಗಳು ಪಡುವ ಪಾಡಿನ ಇತಿಹಾಸವನ್ನು ಇಲ್ಲಿಂದಲೇ ಆರಂಭಿಸಬಹುದು.

ಗುಡಿಯ ಹುಟ್ಟಿನ ಕಥೆಯೂ ಕಾಲ್ನಡಿಗೆಯ ಕಥೆಯೇ. ಹೊಟ್ಟೆನೋವಿನಿಂದ ಬಳಲುತ್ತಿದ್ದ ಅಣ್ಣಾಸ್ವಾಮಿ ನಾಯಕರ್ ಎಂಬ ಭಕ್ತರು ತಿರುತ್ತಣಿಗೆ ಯಾತ್ರೆ ಹೋಗುತ್ತಿದ್ದರೆಂದೂ, ಮುಂದೆ ಇಲ್ಲಿಯೇ ಒಂದು ಗುಡಿಸಲು ಕಟ್ಟಿ ಮುರುಗನ ಪಟವನ್ನಿಟ್ಟು ಪೂಜಿಸತೊಡಗಿದರೆಂದೂ ಸ್ಥಳದ ಪರಂಪರೆ ಹೇಳುತ್ತದೆ. ಅದು 19ನೇ ಶತಮಾನದ ಕೊನೆಯ ಭಾಗ. ಪಳನಿಯಾದರೋ ಇಲ್ಲಿಂದ 400 ಕಿಲೋಮೀಟರಿಗೂ ಮಿಗಿಲಾದ ದೂರ. ಅಷ್ಟು ದೂರ ನಡೆಯಲಾಗದವರಿಗಾಗಿ ಪಳನಿಯೇ ಬಡಗಲಿಗೆ ಬಂದಿತು. ದಣಿದ ಕಾಲಿಗಾಗಿ ದಾರಿಯನ್ನೇ ಕಿರಿದುಗೊಳಿಸುವುದು ಭಕ್ತಿಗೆ ಕುಂದೆಂದು ಆ ಹಿರಿಯರಿಗೆ ತೋರಲಿಲ್ಲ.

ಬರಿಗಾಲ ನಡಿಗೆ ವ್ರತವೆಂಬುದು ನಿಜ. ತೈಪೂಸ, ಪಂಗುನಿ ಉತ್ತಿರ, ಆಡಿ ಕೃತ್ತಿಕೆಗಳಂದು ಕಾವಡಿ ಹೊತ್ತವರು, ಹಾಲಿನ ಕೊಡ ಹೊತ್ತವರು ಬಿಸಿಲಿಗೆ ಕಾದ ರಸ್ತೆಯಲ್ಲಿ ಬರಿಗಾಲಲ್ಲೇ ನಡೆಯುತ್ತಾರೆ. ಇದು ನಮ್ಮ ನಾಡಿಗೆ ಮಾತ್ರ ಸೀಮಿತವಾದುದೂ ಅಲ್ಲ. ಇಂಗ್ಲೆಂಡಿನ ದೊರೆ ಎರಡನೇ ಹೆನ್ರಿ 1174ರಲ್ಲಿ ಪ್ರಾಯಶ್ಚಿತ್ತಕ್ಕಾಗಿ ಕ್ಯಾಂಟರ್ಬರಿಯ ಬೀದಿಯಲ್ಲಿ ಬರಿಗಾಲಲ್ಲಿ ನಡೆದನು. ಆದರೆ ಅದೇ ಕ್ಯಾಂಟರ್ಬರಿಗೆ ಹೊರಟ ಕವಿ ಚಾಸರನ ಯಾತ್ರಿಕರು ಕುದುರೆಯೇರಿ ಕಥೆ ಹೇಳುತ್ತ ಸಾಗುತ್ತಾರೆ! ವ್ರತ ಒಂದು, ನಿತ್ಯದ ಭಕ್ತಿ ಇನ್ನೊಂದು.

ನಮ್ಮ ಪರಂಪರೆಯಲ್ಲಿಯೂ ಕಾಲನ್ನು ದಂಡಿಸುವ ಧಾರೆಯ ಜೊತೆಗೆ ಕಾಲನ್ನು ಕಾಯುವ ಧಾರೆಯೊಂದು ಹರಿದುಬಂದಿದೆ. 12ನೇ ಶತಮಾನದ ಕಲ್ಯಾಣದಲ್ಲಿ ಶರಣ ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿದ ಕಥೆಯನ್ನು ಅರಿಯದ ಕನ್ನಡಿಗರಿಲ್ಲ. ಬಿಳಿಗಿರಿರಂಗನಿಗೆ ಇಂದಿಗೂ ದೊಡ್ಡ ಗಾತ್ರದ ಚರ್ಮದ ಪಾದರಕ್ಷೆಗಳು ಸಲ್ಲುತ್ತವೆ. ಅವನ್ನು ಮೆಟ್ಟಿ ರಂಗನು ಕಾಡು ಸುತ್ತುವನೆಂದು ಜನರ ನಂಬಿಕೆ. ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಗೋಳಾ ಗ್ರಾಮದ ಲಕ್ಕಮ್ಮ ದೇವಿಗೆ ದೀಪಾವಳಿಯ ನಂತರ ಭಕ್ತರು ಚಪ್ಪಲಿಯನ್ನೇ ಹರಕೆಯಾಗಿ ಕಟ್ಟುತ್ತಾರೆ. ಕಾಲುನೋವು, ಮಂಡಿನೋವು ನೀಗಲೆಂಬುದು ಬೇಡಿಕೆ. ವಡಪಳನಿಯ ಎ.ವಿ.ಎಂ. ಸಂಸ್ಥೆಯ ಸಹಭಾಗಿತ್ವದಲ್ಲಿ 1954ರಲ್ಲಿ ತೆರೆಕಂಡ ‘ಬೇಡರ ಕಣ್ಣಪ್ಪ’ ರಾಜಕುಮಾರರನ್ನು ನಾಯಕರನ್ನಾಗಿ ಕನ್ನಡಕ್ಕೆ ಕೊಟ್ಟಿತು. ಆ ಕಣ್ಣಪ್ಪನ ಕಥೆಯಲ್ಲಿ ಭಕ್ತನು ದೇವರ ಕಣ್ಣಿನ ಗುರುತಿಗೆ ಊರಿದ್ದು ತನ್ನ ಕಾಲನ್ನೇ.

ಹಾಗಾದರೆ ಇಂದಿನ ಹಬ್ಬಗಳಲ್ಲಿ ನಮ್ಮ ಕಾಲು ಇಷ್ಟು ನೋಯುವುದೇಕೆ? ನಾವು ಕಂಡುಕೊಂಡ ಉತ್ತರವಿದು: ಹಿಂದಿನ ಹಬ್ಬ ನಡೆಯುವ ಮತ್ತು ಕೂರುವ ಹಬ್ಬವಾಗಿತ್ತು, ಇಂದಿನದು ನಿಲ್ಲುವ ಹಬ್ಬವಾಗಿದೆ. ನಮ್ಮ ಅಜ್ಜಿಯರು ಈಳಿಗೆಮಣೆಯ ಮೇಲೆ ಕುಳಿತು ತರಕಾರಿ ಹೆಚ್ಚಿದರು, ಒರಳಿನ ಮುಂದೆ ಕುಳಿತು ರುಬ್ಬಿದರು, ನೆಲದ ಒಲೆಯೆದುರು ಮಣೆ ಹಾಕಿಕೊಂಡು ಹೋಳಿಗೆ ಬೇಯಿಸಿದರು. ಆ ದುಡಿಮೆಯೇನೂ ಸುಖದ್ದಾಗಿರಲಿಲ್ಲ, ಹೊಗೆಯಿತ್ತು, ಬೆನ್ನುನೋವಿತ್ತು. ಆದರೆ ಗ್ಯಾಸಿನ ಒಲೆ ಕಟ್ಟೆಯೇರಿದ ಮೇಲೆ ಮನೆಯ ಹೆಂಗಸರು ಗಟ್ಟಿ ನೆಲದ ಮೇಲೆ ದಿನವಿಡೀ ನಿಲ್ಲಬೇಕಾಯಿತು. ಹೊರಗೆ ದರ್ಶನಕ್ಕೂ ಸಾಲು, ಹಬ್ಬದ ಬಟ್ಟೆ ಕೊಳ್ಳಲು ತ್ಯಾಗರಾಯನಗರದ ಅಂಗಡಿಗಳಲ್ಲಿಯೂ ಸಾಲು.

ನಡೆಯುವಾಗ ಮೀನಖಂಡದ ಸ್ನಾಯುಗಳು ಕುಗ್ಗಿ ಹಿಗ್ಗಿ ಕಾಲಿನ ರಕ್ತವನ್ನು ಮೇಲಕ್ಕೊತ್ತುತ್ತವೆ. ಕದಲದೆ ನಿಂತಾಗ ಆ ಕೆಲಸ ನಿಲ್ಲುತ್ತದೆ. ರಕ್ತ ಕೆಳಗೆ ತಂಗುತ್ತದೆ, ಪಾದ ಊದುತ್ತದೆ, ಅಂಗಾಲಿನ ಗಟ್ಟಿ ಪೊರೆ ಎಳೆತಕ್ಕೆ ಸಿಕ್ಕಿ ಹಿಮ್ಮಡಿ ನೋಯುತ್ತದೆ.

ಇದಕ್ಕೆ ಬೇಕಾದ ಉಪಚಾರ ನಮ್ಮ ಆಚರಣೆಗಳಲ್ಲಿಯೇ ಇದೆ. ಷೋಡಶೋಪಚಾರದಲ್ಲಿ ಆವಾಹನೆಯಾದ ದೇವರಿಗೆ ಮೊದಲು ಆಸನ, ಬಳಿಕ ಪಾದ್ಯ. ನೈವೇದ್ಯ ಬಹಳ ಹಿಂದೆ. ಬಂದವರನ್ನು ಕೂರಿಸಿ ಕಾಲಿಗೆ ನೀರು ಕೊಡುವುದೇ ಸತ್ಕಾರದ ಆರಂಭ. ನಮ್ಮ ಶಾಸನಗಳಲ್ಲಿ ಅರವಟ್ಟಿಗೆಗೆ ಬಿಟ್ಟ ದತ್ತಿಗಳ ಉಲ್ಲೇಖವಿದೆ; ನೀರಿಗಾಗಿ ನಿಂತವನ ಕಾಲಿಗೂ ಅಲ್ಲಿ ನೆರಳು ಸಿಗುತ್ತಿತ್ತು. ಚರಕಸಂಹಿತೆಯ ಸೂತ್ರಸ್ಥಾನವು ಪಾದಗಳಿಗೆ ಎಣ್ಣೆ ತಿಕ್ಕುವುದನ್ನೂ ಪಾದರಕ್ಷೆ ಧರಿಸುವುದನ್ನೂ ದಿನಚರಿಯ ಭಾಗವಾಗಿಯೇ ಹೇಳುತ್ತದೆ. ಈ ಕ್ರಮವನ್ನು ಮನೆಗೆ ತರುವುದು ಕಷ್ಟವಲ್ಲ. ಹೆಚ್ಚುವ, ಲಟ್ಟಿಸುವ ಕೆಲಸವನ್ನು ಕುಳಿತು ಮಾಡುವುದು. ಕಟ್ಟೆಯೆದುರು ಮೆತ್ತನೆಯ ಚಾಪೆ ಹಾಸಿ, ಗಿಡ್ಡ ಮಣೆಯ ಮೇಲೆ ಒಂದೊಂದೇ ಕಾಲನ್ನು ಸರದಿಯಲ್ಲಿ ಇಡುವುದು. ಸಾಲಿನಲ್ಲಿ ನಿಂತಾಗ ಆಗಾಗ ಹಿಮ್ಮಡಿ ಎತ್ತಿ ಇಳಿಸುವುದು. ಸಂಜೆ ಕಾಲನ್ನು ದಿಂಬಿನ ಮೇಲೆ ಏರಿಸಿ ಮಲಗುವುದು. ರಾತ್ರಿ ಎಳ್ಳೆಣ್ಣೆಯಿಂದ ಅಂಗಾಲು ನೀವುವುದು.

ಒಂದು ಎಚ್ಚರಿಕೆಯನ್ನು ಮಾತ್ರ ಹೇಳಲೇಬೇಕು. ವಡಪಳನಿಯ ಆರ್ಕಾಟ್ ರಸ್ತೆ, ಹೆಸರೇ ಹೇಳುವಂತೆ, ಆರ್ಕಾಟಿನ ಕಡೆಗಿನ ಹಳೆಯ ದಾರಿ, ಅದರಾಚೆಗೆ ವೆಲ್ಲೂರು. ಅಲ್ಲಿಗೆ 1946ರಲ್ಲಿ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಅವರು ಕುಷ್ಠರೋಗಿಗಳ ಪಾದದ ಹುಣ್ಣುಗಳನ್ನು ಅಭ್ಯಸಿಸಿ, ನೋವಿನ ಅರಿವು ನಶಿಸಿದ ಕಾಲು ತನಗಾದ ಗಾಯವನ್ನು ತಾನೇ ಹಿಗ್ಗಿಸಿಕೊಳ್ಳುತ್ತದೆಂದು ತೋರಿಸಿದರು. ಅಂಥವರಿಗಾಗಿ ಮೃದುವಾದ ರಬ್ಬರಿನ ಪಾದರಕ್ಷೆಗಳನ್ನು ರೂಪಿಸಿದರು. ಇದೇ ಮಾತು ಬಹುಕಾಲದ ಮಧುಮೇಹಕ್ಕೂ ಸಲ್ಲುತ್ತದೆ. ನಮ್ಮ ಕನ್ನಡ ಕುಟುಂಬಗಳಲ್ಲಿ ಅಂಥ ಹಿರಿಯರು ಬಹಳಿದ್ದಾರೆ. “ನನಗೆ ಕಾಲು ಸುಡುವುದೇ ಇಲ್ಲ” ಎಂದು ಅವರು ಹೆಮ್ಮೆಯಿಂದ ಹೇಳಿದರೆ ನಾವು ಅಂಜಬೇಕು. ಅವರು ಮಧ್ಯಾಹ್ನದ ಕಾದ ಕಲ್ಲಿನ ಮೇಲೆ ಪ್ರದಕ್ಷಿಣೆ ಬರುವುದು ತರವಲ್ಲ. ಬೆಳಗಿನ ತಂಪು ಹೊತ್ತು ಅವರದಾಗಲಿ. ಕಾಲಿಗೆ ಕೊಡುವ ಬಿಸಿನೀರನ್ನು ಬೇರೊಬ್ಬರು ಕೈಯಿಂದ ಮುಟ್ಟಿ ನೋಡಲಿ, ಎಣ್ಣೆ ಬೆರಳ ಸಂದಿಗೆ ನಿಲ್ಲದಿರಲಿ, ರಾತ್ರಿ ಯಾರಾದರೂ ಅವರ ಅಂಗಾಲನ್ನು ದೀಪದ ಬೆಳಕಿನಲ್ಲಿ ಪರೀಕ್ಷಿಸಲಿ.

ಹಿರಿಯರ ಕಾಲು ಮುಟ್ಟಿ ನಮಸ್ಕರಿಸುವುದು ಹಬ್ಬದ ದಿನ ನಮ್ಮಲ್ಲಿ ಹೇಗೂ ಇರುವ ರೂಢಿ. ಬಾಗಿದಾಗ ಆ ಪಾದವನ್ನೊಮ್ಮೆ ಕಣ್ಣಿಟ್ಟು ನೋಡುವುದು ಆ ನಮಸ್ಕಾರದ ಭಾಗವೇ ಆಗಲಿ.